ತೋಳದ ಸಂಸಾರಧರ್ಮ

ಶ್ರೀಮದ್ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನೊಬ್ಬನು ಯದುರಾಜನಿಗೆ ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಹೆಸರಿಸಿರುವನು. ಭೂಮಿ, ಜಲ, ಅಗ್ನಿಗಳೊಡನೆ ಜೇನ್ನೊಣ, ಜೇಡ, ಜಿಂಕೆ, ಆನೆ, ಹೆಬ್ಬಾವುಗಳಿಗೂ ಅಲ್ಲಿ ಗುರುಸ್ಥಾನ ದೊರೆತಿದೆ, ತೋಳಕ್ಕೆ ದೊರೆತಿಲ್ಲ. ಅವಧೂತನು ವಿರಕ್ತನು, ಮನೆಮಾರುಗಳ ಚಿಂತೆ ಅವನಿಗಿರಲಿಲ್ಲ. ಹೆಂಡಿರುಮಕ್ಕಳುಳ್ಳ ಗೃಹಸ್ಥರು ಅಂಥದೊಂದು ಪಟ್ಟಿಯನ್ನು ಮಾಡಿಕೊಳ್ಳುವುದಾದರೆ ಅದರಲ್ಲಿ ತೋಳದ ಹೆಸರನ್ನು ಅವಶ್ಯವಾಗಿ ಬರೆದುಕೊಳ್ಳಬೇಕೆಂದು ನನ್ನ ಮತವು.

ಇದನ್ನೋದಿ ಕೆಲವರು ನಗಬಹುದು. ತೋಳವೆಂಬುದು ನಮ್ಮ ಬಾಯಲ್ಲಿ ಹೊಟ್ಟೆಬಾಕತನಕ್ಕೂ ಕ್ರೌರ್ಯಕ್ಕೂ ಹೆಸರಾಗಿ ನಿಂತಿದೆಯಷ್ಟೆ. ಋಗ್ವೇದದಲ್ಲಿಯೂ ಅಶ್ವಿನೀದೇವತೆಗಳು ಲಾವಕ್ಕಿಯೊಂದನ್ನು ತೋಳದ ಬಾಯಿಂದ ಬಿಡಿಸಿದ ಮಾತು ಬರುತ್ತದೆ. ಭೀಮಸೇನನಿಗೆ ವೃಕೋದರನೆಂದು ಹೆಸರು. ತೋಳದಂಥ ಹೊಟ್ಟೆಯುಳ್ಳವನೆಂದು ಅದರ ಅರ್ಥ. ಆ ಹೊಟ್ಟೆಯ ವಿಚಾರವನ್ನೇ ಸ್ವಲ್ಪ ಪರಾಮರ್ಶಿಸಿ ನೋಡೋಣ.

ಕೊಪ್ಪಳದ ಸೀಮೆಯಲ್ಲಿ, ತುಂಗಭದ್ರೆಯ ಕಾಲುವೆಯ ನೀರುಂಡ ಗಂಗಾವತಿಯ ಗದ್ದೆಗಳನ್ನು ದಾಟಿ ಕುಷ್ಟಗಿ, ಯಲಬುರ್ಗಾಗಳ ಕಡೆಗೆ ಹೊರಟರೆ ಮಳೆಯನ್ನೇ ನಂಬಿದ ಹೊಲಗಳೂ ಕಲ್ಲುಗುಡ್ಡಗಳೂ ಕುರುಚಲು ಗಿಡಗಳೂ ಹುಲ್ಲುಬೀಳುಗಳೂ ಕಾಣುವುವು. ತೋಳಕ್ಕೆ ದಟ್ಟಡವಿ ಬೇಕಿಲ್ಲ. ಇಂಥ ಬಯಲೇ ಅದರ ಮನೆ. ಒಂದು ಗಂಡು, ಒಂದು ಹೆಣ್ಣು, ಹಿಂದಿನ ಸೂಲಿನ ಮಕ್ಕಳು, ಈ ಸೂಲಿನ ಮರಿಗಳು, ಇವೆಲ್ಲ ಕೂಡಿ ಬಾಳುವುವು. ನಾವು ತೋಳದ ಹಿಂಡೆಂದು ಹೆದರುವುದು ಬಹುಮಟ್ಟಿಗೆ ಇಂಥದೊಂದು ಕುಟುಂಬವನ್ನು ಕಂಡು.

ಹೆಣ್ಣುತೋಳವು ಸುಮಾರು ಎರಡು ತಿಂಗಳು ಗರ್ಭವನ್ನು ಧರಿಸಿ, ಬಿಲದಲ್ಲಿಯೋ ಬಂಡೆಗಳ ಸಂದಿಯಲ್ಲಿಯೋ ಈಯುವುದು. ಮರಿಗಳು ಕಣ್ಣು ತೆರೆಯಲು ಹತ್ತು ಹನ್ನೆರಡು ದಿನಗಳಾದರೂ ಬೇಕು. ಅಂಥ ಹಸುಗೂಸುಗಳನ್ನು ಬಿಟ್ಟು ಬಾಣಂತಿಯು ಬೇಟೆಗೆ ಹೋಗುವುದೆಂತು? ಆಗ ಗಂಡುತೋಳವು ಇರುಳೆಲ್ಲ ಅಲೆದು, ಸಿಕ್ಕ ಬೇಟೆಯನ್ನು ಹೊಟ್ಟೆ ಬಿರಿಯುವಂತೆ ನುಂಗಿ, ಬಲುದೂರ ನಡೆದು ಮನೆಗೆ ಬಂದು, ನುಂಗಿದುದನ್ನು ಕಕ್ಕಿ ಅವಕ್ಕೆ ಉಣಿಸುವುದು. ಹಿಂದಿನ ಸೂಲಿನ ಅಣ್ಣ ಅಕ್ಕಂದಿರೂ ಹಾಗೆಯೇ ತಂದು ತಮ್ಮ ತಂಗಿಯರಿಗೆ ಕೊಡುವುವು. ತಾಯಿ ಹೊರಗೆ ಹೋದಾಗ ಮರಿಗಳ ಕಾವಲಿಗೆ ನಿಲ್ಲುವುವು. ನಾವು ಹೊಟ್ಟೆಬಾಕತನವೆಂದು ಜರೆದದ್ದರಲ್ಲಿ ಒಂದು ಪಾಲು ಮನೆಯವರಿಗಾಗಿ ಹೊತ್ತು ತಂದ ಬುತ್ತಿಯೇ ಆಗಿದೆ.

ವೃಕೋದರನ ಕಥೆಯೂ ಇದಕ್ಕೆ ಹೊರತಲ್ಲ. ಏಕಚಕ್ರಪುರದಲ್ಲಿ ಪಾಂಡವರು ಭಿಕ್ಷೆಯೆತ್ತಿ ತಂದ ಅನ್ನದಲ್ಲಿ ಅರ್ಧವನ್ನು ಭೀಮನೊಬ್ಬನೇ ಉಣ್ಣುತ್ತಿದ್ದನು; ಉಳಿದರ್ಧದಲ್ಲಿ ತಾಯಿಯೂ ನಾಲ್ವರು ಸಹೋದರರೂ ತೃಪ್ತರಾಗುತ್ತಿದ್ದರು. ಅರಗಿನ ಮನೆ ಉರಿದ ರಾತ್ರಿ ಅವರೆಲ್ಲರನ್ನೂ ಹೊತ್ತು ನಡೆದವನೂ, ಬಕಾಸುರನನ್ನು ಕೊಂದು ಆ ಊರನ್ನು ಉಳಿಸಿದವನೂ ಅವನೇ. ಮನೆಯಲ್ಲಿ ಹೆಚ್ಚಿನ ಪಾಲನ್ನು ಪಡೆಯುವವನು ಹೆಚ್ಚಿನ ಭಾರಕ್ಕೂ ಹೆಗಲು ಕೊಡತಕ್ಕದ್ದು. ಗಳಿಸುವವನು ನಾನೆಂದು ಊಟದೆಲೆಯ ಮುಂದೆ ಬೀಗುವ ಯಜಮಾನನೂ, ತಮ್ಮಂದಿರ ಶಾಲೆಯ ಖರ್ಚೆಂದೊಡನೆ ಮೋರೆ ತಿರುವುವ ಹಿರಿಯ ಮಗನೂ ತೋಳದ ಬಿಲದ ಬಾಗಿಲಲ್ಲಿ ಒಂದು ಪಾಠ ಹೇಳಿಸಿಕೊಳ್ಳಬಹುದು. ಇನ್ನೊಂದು ಸಂಗತಿ: ಮರಿಗಳು ಪ್ರಾಯಕ್ಕೆ ಬಂದ ಮೇಲೆ ಹಲವು ತಾಯ್ಮನೆಯನ್ನು ಬಿಟ್ಟು, ದೂರದ ಸೀಮೆಯಲ್ಲಿ ಜೊತೆಯನ್ನು ಹುಡುಕಿ ಬೇರೆ ಸಂಸಾರವನ್ನು ಹೂಡುವುವು. ಸಾಕುವುದರಂತೆ ಬಿಟ್ಟುಕೊಡುವುದೂ ತಂದೆತಾಯಿಗಳ ಕರ್ತವ್ಯವೇ.

ಈ ಗುರುವಿನ ಗುಣಗಾನ ಮಾಡುವಾಗ ಕುರಿಗಾಹಿಯನ್ನು ಮರೆಯಬಾರದು. ಮೊಲ ಜಿಂಕೆಗಳು ಕಡಿಮೆಯಾದ ಬಯಲಲ್ಲಿ ತೋಳವು ಕುರಿಯ ಮೇಲೆಯೇ ಬೀಳುವುದು. ಬಿಸಿಲು ಮಳೆಯೆನ್ನದೆ ಹೊಲದಿಂದ ಹೊಲಕ್ಕೆ ಹಿಂಡನ್ನು ನಡೆಸುವ ಬಡವನಿಗೆ ಒಂದು ಕುರಿ ಹೋದರೂ ಮಗಳ ಮದುವೆಗೆ ಕೂಡಿಸಿದ ಹಣದಲ್ಲಿ ಅಷ್ಟು ಹೋದಂತೆ. ಈ ಸಂಕಟವು ಇಂದಿನದಲ್ಲ. ಋಗ್ವೇದದಲ್ಲಿ ಋಜ್ರಾಶ್ವನೆಂಬವನ ವೃತ್ತಾಂತವಿದೆ. ಅವನು ಹೆಣ್ಣುತೋಳವೊಂದಕ್ಕೆ ನೂರು ಕುರಿಗಳನ್ನು ಕಡಿದಿಕ್ಕಿದನು. ತಂದೆಯು ಕೋಪದಿಂದ ಅವನನ್ನು ಕುರುಡನನ್ನಾಗಿ ಮಾಡಿದನು. ಆಗ ಆ ತೋಳವೇ ಅವನಿಗಾಗಿ ಅಶ್ವಿನೀದೇವತೆಗಳಿಗೆ ಮೊರೆಯಿಟ್ಟಿತು. ಅವರು ಅವನಿಗೆ ಕಣ್ಣುಗಳನ್ನು ದಯಪಾಲಿಸಿದರು. ಮಗನಿಗೆ ತೋಳದ ಹಸಿವು ಕಂಡಿತು, ತಂದೆಗೆ ಹಿಂಡಿನ ನಷ್ಟ ಕಂಡಿತು. ಎರಡೂ ನಿಜವೇ. ಎರಡನ್ನೂ ಒಟ್ಟಿಗೆ ನೋಡಬಲ್ಲ ಕಣ್ಣು ನಮಗೆ ಬೇಕಾಗಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ತೋಳಕ್ಕೆ ಅತ್ಯುಚ್ಚ ರಕ್ಷಣೆಯನ್ನು ಕೊಟ್ಟಿದೆ. ಆದರೂ ಭರತಖಂಡದಲ್ಲಿ ಉಳಿದಿರುವ ತೋಳಗಳು ಸುಮಾರು 3,000 ಮಾತ್ರವೆಂದು ತಜ್ಞರ ಅಂದಾಜು. ಬೀಳುಭೂಮಿಯೆಂದು ನಾವು ಉಪೇಕ್ಷಿಸಿದ ಹುಲ್ಲುಗಾವಲು ಉತ್ತು, ಅಗೆದು, ಕಟ್ಟಿ ಕರಗಿದಷ್ಟೂ ಅವುಗಳ ಮನೆ ಕರಗುವುದು. ಈಗಿನ ಝಾರ್ಖಂಡದ ಮಹುವಾಡಾಂಡದಲ್ಲಿ 1976ರಲ್ಲಿ ತೋಳಗಳಿಗಾಗಿ ಧಾಮವೊಂದಾಯಿತು. ಗಂಗಾವತಿಯ ಸಮೀಪದ ಬಂಕಾಪುರದಲ್ಲಿಯೂ ಈಗ ಅಂಥ ಧಾಮವಿದೆ. 2025ರಲ್ಲಿ ಅಲ್ಲಿ ತೋಳವೊಂದು ಎಂಟು ಮರಿಗಳನ್ನು ಈದ ವಾರ್ತೆಯನ್ನು ಪತ್ರಿಕೆಗಳಲ್ಲಿ ಹಲವರು ಓದಿರಬಹುದು. ಎಂಟು ಬಾಯಿಗಳಿಗೆ ಉಣಿಸಬೇಕಾದ ಆ ತಂದೆತಾಯಿಗಳು ಧಾಮದ ಗಡಿಯನ್ನು ನೋಡಿ ನಿಲ್ಲುವುವೆ?

ಅವು ಗಡಿಯನ್ನು ದಾಟಿ ತಂದ ಬುತ್ತಿಯ ಬೆಲೆಯನ್ನು ಕುರಿಗಾಹಿಯೊಬ್ಬನೇ ತೆರುವುದು ನ್ಯಾಯವಲ್ಲ. ಕಾಡುಮೃಗಗಳು ಕೊಂದ ಸಾಕುಪ್ರಾಣಿಗಳಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ನಿಯಮವುಂಟು. ಪರಂತು ಅರ್ಜಿ ಬರೆಯಲು ಬಾರದವನಿಗೆ, ಹಿಂಡನ್ನು ಬಿಟ್ಟು ಕಚೇರಿಗೆ ಅಲೆಯಲಾರದವನಿಗೆ ಆ ನಿಯಮದಿಂದೇನು ಪ್ರಯೋಜನ? ಅಕ್ಷರ ಬಲ್ಲ ಗೃಹಸ್ಥರು ತಮ್ಮೂರ ಕುರಿಗಾಹಿಗೆ ಒಂದು ಅರ್ಜಿಯನ್ನು ಬರೆದುಕೊಟ್ಟು, ಅವನ ಸಂಗಡ ಒಂದು ದಿನ ಕಚೇರಿಗೆ ಹೋಗಿಬರಲಿ. ಗುರುವಿಂದ ಪಾಠವನ್ನು ಕಲಿತವರು ಗುರುದಕ್ಷಿಣೆಯನ್ನೂ ಸಲ್ಲಿಸಬೇಕಷ್ಟೆ. ಈ ದಕ್ಷಿಣೆಯು ಕುರಿಗಾಹಿಯ ಕೈಗೆ ಸಂದರೆ ಅದು ತೋಳಕ್ಕೂ ಸಂದಂತೆಯೇ.