ಬಿಚ್ಚಿ ಮತ್ತೆ ಕೂಡಿಸಬಲ್ಲ ಕುರ್ಚಿ

ಮುಂಬಯಿಯಲ್ಲಿ ಹಳೆಯ ಮರದ ಸಾಮಾನು ಹುಡುಕುವವರು ಭೆಂಡಿ ಬಜಾರಿನ ಮಗ್ಗುಲಿನ ಚೋರ್ ಬಜಾರಿಗೆ, ಇಲ್ಲವೇ ಜೋಗೇಶ್ವರಿ ಪಶ್ಚಿಮದ ಓಶಿವಾರಾ ಫರ್ನಿಚರ್ ಮಾರುಕಟ್ಟೆಗೆ ಹೋಗುತ್ತಾರೆ. ಒಂದು ಮನೆ ಬಿಟ್ಟ ಸಾಗವಾನಿ, ಬೀಟೆಯ ಕುರ್ಚಿ-ಮಂಚಗಳು ಇಲ್ಲಿ ದುರಸ್ತಿಯಾಗಿ ಇನ್ನೊಂದು ಮನೆ ಸೇರುತ್ತವೆ. ಆಗಿನ ಮರವೇ ಗಟ್ಟಿ ಎಂದು ಜನ ಇದಕ್ಕೆ ಕಾರಣ ಕೊಡುತ್ತಾರೆ. ಅದು ಅರ್ಧ ಸತ್ಯ. ಮರ ಮರಕ್ಕೆ ಕೂಡುವ ಸಂದನ್ನು ಬೇಕೆಂದಾಗ ಬಿಚ್ಚಿ ಮತ್ತೆ ಬಿಗಿಯಬಹುದು ಎಂಬುದು ಉಳಿದರ್ಧ.

ಕುರ್ಚಿಯ ಹಿಂಗಾಲಿಗೆ ಆಸನದ ಪಟ್ಟಿ ಸೇರುವ ಜಾಗವನ್ನೇ ನೋಡಿ. ಬಡಗಿ ಕಾಲಿನಲ್ಲಿ ಉಳಿಯಿಂದ ಕುಳಿ ತೋಡುತ್ತಾನೆ. ಪಟ್ಟಿಯ ತುದಿಯನ್ನು ದಪ್ಪದ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಸಿ ನಾಲಿಗೆ ಬಿಡಿಸುತ್ತಾನೆ. ನಾಲಿಗೆ ಕುಳಿಯೊಳಗೆ ಕೂತಾಗ ಅದರ ಬುಡದ ಹೆಗಲು ಕಾಲಿಗೆ ಒತ್ತಿ ನಿಲ್ಲುತ್ತದೆ. ಕುರ್ಚಿ ಓಲಾಡಿದಾಗ ತಡೆಯುವುದು ಈ ಹೆಗಲೇ. ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗದು, ಅಡ್ಡಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಒಣಹವೆಯಲ್ಲಿ ಕುಗ್ಗುತ್ತದೆ. ಕಬ್ಬಿಣದ ಮೊಳೆ ಇದಕ್ಕೆ ಒಗ್ಗದು: ಸುತ್ತಲಿನ ಎಳೆ ಜಜ್ಜಿಹೋಗುತ್ತದೆ, ಕಡಲ ಗಾಳಿಗೆ ಮೊಳೆ ತುಕ್ಕು ಹಿಡಿಯುತ್ತದೆ. ಮರದ ಗೂಟವಾದರೆ ಮರದ ಜೊತೆಗೇ ಹಿಗ್ಗಿ ಕುಗ್ಗುತ್ತದೆ. ಹಳೆಯ ಅಂಟಾದ ಸರೇಸು ಬಿಸಿನೀರಿಗೆ ಮೆತ್ತಗಾಗುವುದರಿಂದ, ಸಡಿಲವಾದ ಸಂದನ್ನು ಕೆಡಿಸದೆ ಕಳಚಬಹುದು.

ಈ ವಿದ್ಯೆಯನ್ನು ತುತ್ತತುದಿಗೆ ಒಯ್ದವರಲ್ಲಿ ಚೀನಾದ ಮಿಂಗ್ ಕಾಲದ (1368–1644) ಬಡಗಿಗಳು ಮುಖ್ಯರು. ಮೇಜಿನ ಹಲಗೆಯನ್ನು ಅವರು ಚೌಕಟ್ಟಿನಲ್ಲಿ ಕೊರೆದ ಗೀರಿನೊಳಗೆ ಸಡಿಲವಾಗಿ ಕೂರಿಸುತ್ತಿದ್ದರು. ಹಲಗೆ ಹಿಗ್ಗಿದರೂ ಚೌಕಟ್ಟು ಬಿರಿಯುತ್ತಿರಲಿಲ್ಲ. ಶಾಂಶಿ ಪ್ರಾಂತದಲ್ಲಿ 1056ರಲ್ಲಿ ಕಟ್ಟಿದ, ಸುಮಾರು 67 ಮೀಟರ್ ಎತ್ತರದ ಯಿಂಗ್‌ಶಿಯಾನ್ ಮರದ ಗೋಪುರವೂ ಇಂಥ ಸಂದುಗಳ ಬಲದಿಂದಲೇ ನಿಂತಿದೆ.

ಹಾಗಾದರೆ ಮುಂಬಯಿಯ ಇರಾನಿ ಹೋಟೆಲುಗಳ ಬಗ್ಗಿಸಿದ ಮರದ ಕುರ್ಚಿಗಳು ಸ್ಕ್ರೂ ಇದ್ದೂ ಹೇಗೆ ಬಾಳಿದವು ಎಂದು ಕೇಳಬಹುದು. ಅವುಗಳ ಮೂಲ ಮಾದರಿ, ಥೋನೆಟ್ ಸಂಸ್ಥೆಯ 1859ರ 14ನೇ ನಂಬರಿನ ಕುರ್ಚಿ, ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟಿನಿಂದ ಆದದ್ದು. ಸಡಿಲವಾದರೆ ತಿರುಗಿಸಿ ಬಿಗಿದರಾಯಿತು. ಈ ಪ್ರಶ್ನೆ ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ, ತಿದ್ದುತ್ತದೆ: ಮೊಳೆಯಿಲ್ಲ ಎಂಬುದಕ್ಕಿಂತ ಬಿಚ್ಚಬಹುದು ಎಂಬುದೇ ದೊಡ್ಡ ಗುಣ. ಪಾರ್ಟಿಕಲ್ ಬೋರ್ಡಿಗೆ ಆ ಗುಣವಿಲ್ಲ. ತೇವಕ್ಕೆ ಉಬ್ಬಿ ಒಮ್ಮೆ ಸ್ಕ್ರೂ ಕಿತ್ತುಬಂದರೆ ಅದೇ ತೂತಿನಲ್ಲಿ ಮತ್ತೆ ಕಚ್ಚದು.

ಸಂದು ತೋಡುವ ಕೆಲಸ ನಿಧಾನ, ಕೂಲಿ ಜಾಸ್ತಿ ಎಂಬ ಆಕ್ಷೇಪ ನಿಜ. ಗೋಡೆಗೆ ಆತು ನಿಲ್ಲುವ ಕಪಾಟಿಗೆ ಒಳ್ಳೆಯ ಪ್ಲೈವುಡ್ ಸಾಕು. ಅಗಲದ ಹಲಗೆಯಲ್ಲಿ ಅದು ಮರಕ್ಕಿಂತ ಸ್ಥಿರ. ಆದರೆ ದಿನವೂ ಎಳೆದಾಡುವ ಕುರ್ಚಿ, ಭಾರ ಹೊರುವ ಮಂಚ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಗುವ ಮೇಜು, ಇವುಗಳ ಮಾತು ಬೇರೆ. ಅಲ್ಲಿ ನಾಲಿಗೆ, ಕುಳಿಗೆ ತೆತ್ತ ಕೂಲಿ ವ್ಯರ್ಥವಲ್ಲ. ಕುಳಿ ಕೊರೆಯುವ ಯಂತ್ರಗಳೂ ಈಗ ಇವೆ. ಮರದ ಎಳೆ ನೋಡಿ ಸಂದು ಎಲ್ಲಿರಬೇಕೆಂದು ನಿರ್ಧರಿಸುವ ಕಣ್ಣು ಮಾತ್ರ ಬಡಗಿಯದೇ. ಕೊಳ್ಳುವವರು ಪಾಲಿಶ್ ನೋಡುವ ಮೊದಲು ಸಂದು ನೋಡಿ ಬೆಲೆ ಕಟ್ಟಿದರೆ, ಆ ಕಣ್ಣಿಗೆ ಈ ನಗರದಲ್ಲಿ ಕೆಲಸ ಉಳಿಯುತ್ತದೆ.