ಗುಮ್ಮಘಟ್ಟದ ಜ್ವರ ಯಾರ ಲೆಕ್ಕಕ್ಕೆ?

ಗುಮ್ಮಘಟ್ಟ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ, ರಾಯದುರ್ಗ ಸೀಮೆಗೆ ಸೇರಿದ ಮಂಡಲ. ವೇದಾವತಿಗೆ ಕಟ್ಟಿದ ಭೈರವಾನಿತಿಪ್ಪ ಅಣೆಕಟ್ಟು ಇರುವುದು ಇಲ್ಲೇ. ತೆಲುಗಿನೊಂದಿಗೆ ಕನ್ನಡವೂ ಮನೆಮಾತಾಗಿರುವ ಗಡಿನಾಡು. ಕಾಸರಗೋಡಿನ ನಮಗೆ ಮಂಗಳೂರು ಹೇಗೋ, ಅಲ್ಲಿಯವರಿಗೆ ಬಳ್ಳಾರಿ ಹಾಗೆ. ಹೀಗೆ ರಾಜ್ಯದ ಗಡಿ ದಾಟಿ ಹೋಗುವ ಫ್ಲೂ ಜ್ವರ ಯಾರ ಲೆಕ್ಕಕ್ಕೆ ಸೇರುತ್ತದೆ?

ಲೆಕ್ಕವೊಂದು ಇರುವುದಂತೂ ನಿಜ. 2004ರಲ್ಲಿ ಕೇಂದ್ರ ಸರಕಾರ ಸಮಗ್ರ ರೋಗ ಕಣ್ಗಾವಲು ಯೋಜನೆಯನ್ನು ಆರಂಭಿಸಿತು. ಅದರಲ್ಲಿ ಮೂರು ಬಗೆಯ ನಮೂನೆಗಳು. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಲಕ್ಷಣ ಕೇಳಿ ತುಂಬುವುದು ‘ಎಸ್’, ವೈದ್ಯರು ಪರೀಕ್ಷಿಸಿ ಬರೆಯುವುದು ‘ಪಿ’, ಪ್ರಯೋಗಾಲಯ ಖಚಿತಪಡಿಸುವುದು ‘ಎಲ್’. ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿದ್ದ ಈ ವರದಿ ಈಗ ಗಣಕಯಂತ್ರದ ಮೂಲಕ ಹೋಗುತ್ತದೆ.

ಜ್ವರ ಬಂದ ಎಲ್ಲರ ಗಂಟಲುದ್ರವವನ್ನೂ ಪರೀಕ್ಷಿಸುವುದು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಹತ್ತು ದಿನಗಳೊಳಗೆ ಆರಂಭವಾದ ಕೆಮ್ಮು, 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ: ಇದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು. ಆಯ್ದ ಆಸ್ಪತ್ರೆಗಳಲ್ಲಿ ಇಂಥವರ ಪೈಕಿ ಕೆಲವರ ಮಾದರಿ ತೆಗೆದು, ಯಾವ ವೈರಸ್ಸು ಓಡಾಡುತ್ತಿದೆಯೆಂದು ನೋಡುತ್ತಾರೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಇದರಲ್ಲಿ ಮುಖ್ಯ ಪಾತ್ರವಿದೆ. ಜಗತ್ತಿನ ನಾನಾ ಕಡೆಯ ಇಂಥ ಮಾಹಿತಿಯನ್ನು ಮುಂದಿಟ್ಟುಕೊಂಡೇ ವರ್ಷಕ್ಕೆರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರಿನಲ್ಲಿ, ಮುಂದಿನ ಲಸಿಕೆಯಲ್ಲಿ ಏನಿರಬೇಕೆಂದು ತೀರ್ಮಾನಿಸುತ್ತಾರೆ.

ಲಸಿಕೆಯ ಕಾಲವನ್ನು ತಿಳಿಸುವುದೂ ಈ ಲೆಕ್ಕವೇ. ಕಾಶ್ಮೀರದಲ್ಲಿ ಫ್ಲೂ ಏರುವುದು ಚಳಿಗಾಲದಲ್ಲಿ. ದೇಶದ ಹೆಚ್ಚಿನ ಭಾಗಗಳಲ್ಲಿ ಮಳೆಗಾಲದಲ್ಲಿ. ನಮ್ಮ ಕರಾವಳಿಗೆ ಜೂನಿನಲ್ಲೇ ಮಳೆ ಹಿಡಿಯುತ್ತದೆ. ಅನಂತಪುರವೋ ಮಳೆನೆರಳಿನ ಸೀಮೆ. ಅಲ್ಲಿ ನೆಲ ನೆನೆಯಬೇಕಾದರೆ ಸೆಪ್ಟೆಂಬರ್ ಕಾಯಬೇಕು. ಇಡೀ ದಕ್ಷಿಣಕ್ಕೆ ಒಂದೇ ನಕ್ಷೆ ಹಾಕಿ ಕುಳಿತರೆ ಇಂಥ ಸೀಮೆಯ ಮುದುಕರಿಗೆ, ಬಸುರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಯಾವಾಗ ಎಚ್ಚರಿಕೆ ಕೊಡಬೇಕೆಂಬುದು ತಿಳಿಯುವುದು ಹೇಗೆ? ಊರೂರಿನ ಅಂಕಿಯೇ ಬೇಕು.

ವೈರಸ್ಸಿಗೆ ರಾಜ್ಯಗಳ ಹಂಗಿಲ್ಲ. 1957ರ ಏಷ್ಯನ್ ಫ್ಲೂ ಮದ್ರಾಸಿಗೆ ಹಡಗಿನಲ್ಲಿ ಬಂತು. 2009ರ ಮೇ ತಿಂಗಳಲ್ಲಿ ಎಚ್1ಎನ್1 ದೇಶದಲ್ಲಿ ಮೊದಲು ಪತ್ತೆಯಾದದ್ದು ಹೈದರಾಬಾದಿನಲ್ಲಿ. ಅದೇ ಈಗ ಮಾಮೂಲು ಋತುಜ್ವರಗಳ ಪೈಕಿ ಒಂದಾಗಿದೆ. ಹಂಗಿರುವುದು ಲೆಕ್ಕಕ್ಕೆ ಮಾತ್ರ. 2022ರಲ್ಲಿ ಜಿಲ್ಲೆಗಳನ್ನು ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ, ಗುಮ್ಮಘಟ್ಟಗಳು ಅನಂತಪುರದಲ್ಲೇ ಉಳಿದವು. ಅಕ್ಕಪಕ್ಕದ ಕನ್ನಡ ಮನೆಗಳ ಕೆಮ್ಮು ಕೂಡ ಹೀಗೆ ಹಲವು ಪಟ್ಟಿಗಳಿಗೆ ಹಂಚಿಹೋಗುತ್ತದೆ.

ಆಗ ಊರನ್ನು ಹಿಡಿದುಕೊಡುವುದು ವಿಳಾಸದ ಕಲಮೊಂದೇ. ಬಳ್ಳಾರಿಯ ಚೀಟಿ ಬರೆಸುವಾಗ ಅಲ್ಲಿಯ ನೆಂಟರ ಮನೆ ಹೇಳಿದರೆ ಜ್ವರ ಬಳ್ಳಾರಿಯದಾಗುತ್ತದೆ. ಗ್ರಾಮ, ಮಂಡಲ, ಜಿಲ್ಲೆ ಸರಿಯಾಗಿ ಹೇಳಿದರೆ ಅದು ಅನಂತಪುರಕ್ಕೆ ತಿಳಿಯುವ ದಾರಿಯಿದೆ. ಮಂಗಳೂರಿಗೆ ಹೋಗುವ ನಮ್ಮವರಿಗೂ ಈ ಮಾತು ಸಲ್ಲುತ್ತದೆ. ಇನ್ನು ಕಾಳುಮೆಣಸಿನ ಕಷಾಯ ಕುಡಿದು ಮನೆಯಲ್ಲೇ ಮಲಗಿದವರ ಸಂಗತಿ, ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಯೊಡನೆ ಮನೆಯವರು ಬಾಯಿಬಿಟ್ಟರಷ್ಟೇ ‘ಎಸ್’ ನಮೂನೆಗೆ ಏರುತ್ತದೆ.