ಟಿಕಿ ಪ್ರತಿಮೆ: ವಿಗ್ರಹವೋ, ಆಟಿಕೆಯೋ?



ಪೆಂತಕೋಸ್ತ್ ಹಬ್ಬದಂದು ಪ್ರೇಷಿತರು ಮಾತನಾಡಿದಾಗ, ಜೆರುಸಲೇಮಿನಲ್ಲಿ ನೆರೆದಿದ್ದವರೆಲ್ಲರೂ ಅದನ್ನು ತಂತಮ್ಮ ಭಾಷೆಯಲ್ಲೇ ಕೇಳಿದರು. ಶುಭಸಂದೇಶವನ್ನು ಸ್ವೀಕರಿಸಲು ಯಾರೂ ತಮ್ಮ ತಾಯ್ನುಡಿಯನ್ನು ಬಿಟ್ಟು ಬರಬೇಕಾಗಲಿಲ್ಲ. ಈ ಸತ್ಯವನ್ನು ಮನಗಾಣಲು ಪೆಸಿಫಿಕ್ ಸಾಗರದ ದ್ವೀಪಗಳ 'ಟಿಕಿ' ಪ್ರತಿಮೆಗಳ ಕಥೆ ನಮಗೆ ನೆರವಾಗುತ್ತದೆ.

ದೊಡ್ಡ ಕಣ್ಣು, ಅಗಲ ಬಾಯಿಯ ಈ ಮುಖವನ್ನು ನಮ್ಮ ಮಕ್ಕಳು ಕಾರ್ಟೂನುಗಳಲ್ಲಿ ಕಂಡು ನಗುತ್ತಾರೆ. ಅದೇ ಮುಖ ಕೀ ಚೈನಿನಲ್ಲಿ ಮನೆಗೆ ಬಂದರೆ, 'ಇದು ವಿಗ್ರಹ, ಇಡಬಾರದು' ಎಂದು ಹಿರಿಯರು ಆತಂಕಪಡಬಹುದು. ಹಾಗಾದರೆ ಟಿಕಿ ಎಂದರೇನು?

ನ್ಯೂಜಿಲೆಂಡಿನ ಮಾವೋರಿ ಜನರ ಕೆಲವು ಪರಂಪರೆಗಳಲ್ಲಿ ಟಿಕಿ ಎಂಬುದು ಮೊದಲ ಮನುಷ್ಯನ ಹೆಸರು. ಹಸಿರು ಕಲ್ಲಿನಲ್ಲಿ ಕೆತ್ತಿದ 'ಹೇ ಟಿಕಿ' ಪದಕವನ್ನು ಅವರು ಕೊರಳಲ್ಲಿ ಧರಿಸಿ, ತಲೆಮಾರಿನಿಂದ ತಲೆಮಾರಿಗೆ ಜೋಪಾನ ಮಾಡುತ್ತಾರೆ. ಮಾರ್ಕೇಸಾಸ್ ದ್ವೀಪಗಳಲ್ಲಿ ಪೂರ್ವಜರನ್ನೂ ದೇವತೆಗಳನ್ನೂ ಸೂಚಿಸುವ ಕಲ್ಲು, ಮರದ ಪ್ರತಿಮೆಗಳಿಗೆ ಈ ಹೆಸರಿದೆ.

ಈ ಪ್ರತಿಮೆಗಳಿಗೆ ಎರಡು ಬಗೆಯ ಅವಮಾನವಾಯಿತು. ಮೊದಲನೆಯದು ಬೆಂಕಿ. 1834ರಲ್ಲಿ ಮಂಗರೇವಾ ದ್ವೀಪಕ್ಕೆ ನಮ್ಮ ಧರ್ಮಸಭೆಯ ಗುರುಗಳು ಬಂದಿಳಿದರು. ಜನರು ಕ್ರೈಸ್ತರಾದ ಆ ವರ್ಷಗಳಲ್ಲಿ ಅಲ್ಲಿನ ಹಲವಾರು ಪ್ರತಿಮೆಗಳು ಸುಟ್ಟುಹೋದವು. ಉಳಿದ ಕೆಲವು ಯೂರೋಪನ್ನು ಸೇರಿದವು. 'ತೂ' ಎಂಬ ದೇವತೆಯ ಮರದ ಪ್ರತಿಮೆಯೊಂದು ಇಂದು ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿದೆ.

ಎರಡನೆಯದು ಗೇಲಿ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಪೆಸಿಫಿಕ್ ಶೈಲಿಯ ಬಾರುಗಳು ಎರಡನೆಯ ಮಹಾಯುದ್ಧದ ನಂತರ ಬಹಳ ಜನಪ್ರಿಯವಾದವು. ಪೂರ್ವಜರ ಮುಖ ಮದ್ಯದ ಲೋಟವಾಯಿತು. 1963ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಯಂತ್ರದ ಟಿಕಿಗಳು ಹಾಡತೊಡಗಿದವು.

ಸಂತರ ಸ್ವರೂಪಗಳ ಮುಂದೆ ಮೊಂಬತ್ತಿ ಹಚ್ಚುವ ನಮ್ಮನ್ನೂ ವಿಗ್ರಹಾರಾಧಕರೆಂದು ಜರೆದವರಿದ್ದಾರೆ. ಗೌರವ ಸಲ್ಲುವುದು ಮರಕ್ಕಲ್ಲ, ಅದು ಸೂಚಿಸುವ ವ್ಯಕ್ತಿಗೆ ಎಂದು 787ರ ನೈಸಿಯಾ ಮಹಾಸಭೆಯೇ ಬೋಧಿಸಿದೆ. ಮಾತೆ ಮರಿಯಮ್ಮನವರ ಮುಖವನ್ನು ಯಾರಾದರೂ ಮದ್ಯದ ಲೋಟಕ್ಕೆ ಅಚ್ಚೊತ್ತಿದರೆ ನಾವು ನೋಯದಿರುತ್ತೇವೆಯೇ? ಆ ನೋವೇ ನೆರೆಯವರ ನೋವನ್ನು ನಮಗೆ ಕಲಿಸಬೇಕು.

ನಾವು ಆರಾಧಿಸುವುದು ಏಕೈಕ ದೇವರನ್ನು ಮಾತ್ರ. ಟಿಕಿಗೆ ನಾವು ಕೈಮುಗಿಯುವುದಿಲ್ಲ. ಆದರೆ ಆರಾಧಿಸದಿರುವುದು ಬೇರೆ, ಅವಮಾನಿಸುವುದು ಬೇರೆ. ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು.

ಈ ಬೋಧನೆಯ ಫಲವನ್ನು ಮಾರ್ಕೇಸಾಸ್‌ನ ನುಕು ಹಿವಾ ದ್ವೀಪದಲ್ಲಿ ಕಾಣಬಹುದು. 1970ರ ದಶಕದಲ್ಲಿ ಅಲ್ಲಿನ ತಾಯೊಹೇ ಊರಿನಲ್ಲಿ ಕಟ್ಟಿದ ಪ್ರಧಾನಾಲಯಕ್ಕೆ ಜನವಸತಿಯ ಆರೂ ದ್ವೀಪಗಳಿಂದ ಕಲ್ಲು ಬಂತು. ಪ್ರಸಂಗಪೀಠದ ಕೆತ್ತನೆಯಲ್ಲಿ ಸ್ಥಳೀಯರ ಕೈಚಳಕವಿದೆ. ಆಗಿನ ಧರ್ಮಾಧ್ಯಕ್ಷ ಎರ್ವೆ ಲೆ ಕ್ಲೆಯಾಕ್ ಜನರ ಭಾಷೆಗೆ ಆಸರೆಯಾದರು. ಅದರ ಪದಕೋಶವನ್ನೂ ರಚಿಸಿದರು. ಒಂದು ಕಾಲದಲ್ಲಿ ಟಿಕಿಯನ್ನು ಕೆತ್ತುತ್ತಿದ್ದ ಕಲೆ ಇಂದು ಪ್ರಭುವಿನ ಸೇವೆಯಲ್ಲಿದೆ.

ಆದ್ದರಿಂದ ಪ್ರಿಯ ತಂದೆತಾಯಂದಿರೇ, ಮಕ್ಕಳು ಟಿಕಿಯನ್ನು ತೋರಿಸಿದಾಗ ಹೆದರಿಸಬೇಡಿ, ಜೊತೆಗೂಡಿ ಗೇಲಿಯನ್ನೂ ಮಾಡಬೇಡಿ. ಇದು ಒಂದು ಜನಾಂಗದ ಪೂರ್ವಜರ ನೆನಪೆಂದು ತಿಳಿಸಿ. ಎಲ್ಲ ಭಾಷೆಗಳಲ್ಲೂ ಮಾತನಾಡುವ ಪವಿತ್ರಾತ್ಮರು ನಮಗೆ ನೆರೆಯವರನ್ನು ಗೌರವಿಸುವ ವರವನ್ನು ದಯಪಾಲಿಸಲಿ.